ಗಾಳಿ ಕಾಯುವವನು

ನನ್ನ ಗಂಡ ಗಿದಿಯೋನನಿಗೆ ಊರಲ್ಲೊಂದು ಅಡ್ಡಹೆಸರಿತ್ತು. ಅವನ ಎದುರಿಗೆ ಯಾರೂ ಹೇಳುತ್ತಿರಲಿಲ್ಲ, ನನ್ನ ಎದುರಿಗಂತೂ ಸುತರಾಂ ಇಲ್ಲ. ನನ್ನ ಬಾಯಿಗೆ ಹೆದರದವರು ಆ ದ್ವೀಪದಲ್ಲಿ ಯಾರಿದ್ದರು ಹೇಳಿ! ಬೆನ್ನ ಹಿಂದೆ ಮಾತ್ರ ಅವನನ್ನು ‘ಗಾಳಿ ಕಾಯುವವನು’ ಅನ್ನುತ್ತಿದ್ದರು. ಬೇರೆ ಕಡೆ ಇದೊಂದು ಬೈಗುಳವೇ ಅಲ್ಲದಿರಬಹುದು. ಗ್ರೀನ್‌ಲ್ಯಾಂಡಿನ ದಕ್ಷಿಣದ ಈ ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಕೆಟ್ಟ ಮಾತಿಲ್ಲ. ಕಯಾಕ್ ಅನ್ನುವ ಒಬ್ಬಾಳಿನ ತೊಗಲುದೋಣಿ ಹತ್ತುವ ಗಂಡಸು ಗಾಳಿ ನಿಲ್ಲಲಿ ಅಂತ ಕಾಯುತ್ತಾನೆ. ಗಾಳಿ ಏಳಲಿ ಅಂತ ಕಾಯುತ್ತಿದ್ದಾನೆ ಅಂದರೆ, ಅವನನ್ನು ಒಂದು ಸಲ ‘ಅದು’ ಹಿಡಿದಿದೆ ಅಂತ ಅರ್ಥ.

‘ಅದು’ ಏನು ಅಂತ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಮಾತಾಡೋದು ನನಗೆ ಬರುವುದಿಲ್ಲ. ಸಮುದ್ರ ಒಂದಿಷ್ಟೂ ಅಲ್ಲಾಡದೆ ನಿಂತ ದಿನ ಬರುತ್ತದೆ. ಆಕಾಶ, ನೀರು ಎರಡೂ ಒಂದೇ ಬಿಳುಪಿಗೆ ತಿರುಗಿರುತ್ತವೆ. ಯಾವುದು ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಅಂಥ ದಿನ ಒಬ್ಬನೇ ಸೀಲ್ ಪ್ರಾಣಿಯ ಬೇಟೆಗೆ ಕಾಯುತ್ತ ಕೂತವನಿಗೆ ಇದ್ದಕ್ಕಿದ್ದ ಹಾಗೆ ಕಯಾಕಿನ ಮೂತಿ ಕೆಳಗಿಳಿಯುತ್ತಿದೆ ಅನ್ನಿಸುತ್ತದೆ. ಕಾಲಿನಿಂದ ತಣ್ಣಗೆ ಏನೋ ಮೇಲೇರುತ್ತದೆ. ನೀರು ನುಗ್ಗಿತು ಅಂದುಕೊಳ್ಳುತ್ತಾನೆ, ಒಳಗೆ ಒಂದು ಹನಿಯೂ ಬಂದಿರುವುದಿಲ್ಲ. ಕೈ ಎತ್ತಿದರೆ ಮಗುಚಿಕೊಳ್ಳುತ್ತೇನೆ ಅನ್ನುವ ಭಯ. ಕತ್ತು ತಿರುಗಿಸಲಾರ, ಕೂಗಲಾರ. ಗಾಳಿ ಎದ್ದು ನೀರು ಕದಲಿದರೆ, ಇಲ್ಲವೇ ಇನ್ನೊಬ್ಬ ಪಕ್ಕಕ್ಕೆ ಬಂದು ಅವನ ಕಯಾಕನ್ನು ತನ್ನ ಹುಟ್ಟುಗೋಲಿನಿಂದ ಮುಟ್ಟಿದರೆ ಬಿಟ್ಟುಹೋಗುತ್ತದೆ. ಎರಡೂ ಆಗದಿದ್ದರೆ ಸಂಜೆಗೆ ಖಾಲಿ ಕಯಾಕ್ ಸಿಗುತ್ತದೆ. ಬಿರುಗಾಳಿಗೆ ಸಿಕ್ಕಿ ಸತ್ತವನ ಮನೆಯಲ್ಲಿ ಬಾಯಿಬಿಟ್ಟು ಅಳುತ್ತಾರೆ. ಇಂಥ ದಿನ ಸತ್ತವನ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಗಿದಿಯೋನನ ಅಣ್ಣ ಆಂಟೋನ್ ಹೋದದ್ದು ಹೀಗೆ. ನಾನು ಆ ಮನೆಗೆ ಸೊಸೆಯಾಗಿ ಬಂದು ಇನ್ನೂ ಒಂದು ಚಳಿಗಾಲ ಕಳೆದಿರಲಿಲ್ಲ. ದ್ವೀಪದ ಹಿಂಬದಿಯ ಕೊಲ್ಲಿಯಲ್ಲಿ ಅವನ ಕಯಾಕ್ ಮಗುಚಿಕೊಂಡು ತೇಲುತ್ತಿತ್ತು. ಈಟಿ ಕಟ್ಟಿದ್ದಲ್ಲೇ ಇತ್ತು, ಹಗ್ಗ ಸುತ್ತಿದ ಹಾಗೇ ಇತ್ತು. ಹೆಣ ಸಿಗಲಿಲ್ಲ. ಅತ್ತೆ ಸಾಲೋಮಿನೆ ಅಳಲೂ ಇಲ್ಲ, ಮಾತಾಡಲೂ ಇಲ್ಲ. ಒಂದು ವರ್ಷ ಗೋಡೆ ಕಡೆ ಮುಖ ಮಾಡಿಕೊಂಡು ಹೊಲಿಯುತ್ತ ಕೂತಳು. ನಾನು ಕಾಫಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ.

ಆಮೇಲೆ ನನಗೆ ಹೆಣ್ಣು ಮಗು ಹುಟ್ಟಿತು. ಸತ್ತವರ ಹೆಸರು ಮುಂದೆ ಹುಟ್ಟುವ ಮಗುವಿಗೆ ಹೋಗಬೇಕು, ಗಂಡೋ ಹೆಣ್ಣೋ ಅದನ್ನು ಯಾರೂ ಕೇಳುವುದಿಲ್ಲ. ಹೆಸರು ಬಂದರೆ ಮನುಷ್ಯನೇ ಬಂದ ಹಾಗೆ. ಪಾದ್ರಿ ಮಗುವಿನ ತಲೆಗೆ ನೀರು ಹಾಕಿ ‘ಆಂಟೋನಿಯಾ’ ಅಂದ. ಹೆಣ್ಣಿಗೆ ಗಂಡಿನ ಹೆಸರಿಟ್ಟರೆ ಅವನ ಪುಸ್ತಕದ ದೇವರಿಗೆ ಬೇಜಾರಂತೆ. ನಾವು ಮನೆಗೆ ಬಂದು ‘ಆಂಟೋನ್’ ಅಂದೆವು. ಅತ್ತೆ ಮಗುವನ್ನು ಎತ್ತಿಕೊಂಡು, ಕತ್ತಿನ ಹತ್ತಿರ ಮೂಸಿ ನೋಡಿ, “ಬಂದೆಯೇನೋ ಕಂದಾ? ಎಷ್ಟು ತಡ ಮಾಡಿದ್ಯೋ” ಅಂದಳು. ಗೋಡೆ ಬಿಟ್ಟು ಈಚೆಗೆ ತಿರುಗಿದ್ದು ಅವತ್ತೇ.

ಅಲ್ಲಿಂದ ಮುಂದೆ ಮನೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನೋದೇ ತಲೆಕೆಳಗಾಯಿತು. ಗಿದಿಯೋನ್ ತಾನು ಹುಟ್ಟಿಸಿದ ಮಗಳನ್ನು ‘ಅಣ್ಣಾ’ ಅಂತ ಕರೆದ. ಅವಳಿಗೆ ಮಾತು ಬಂದ ಮೇಲೆ ಅವಳು ಅವನನ್ನು ‘ತಮ್ಮಾ’ ಅಂದಳು. ಅತ್ತೆಯನ್ನು ‘ಅಮ್ಮಾ’ ಅಂದಳು. ನಾನು ತಮ್ಮನ ಹೆಂಡತಿಯಲ್ಲವೇ, ನನ್ನನ್ನು ಹೆಸರು ಹಿಡಿದು ‘ಬೊಲೆತ್ತೆ’ ಅಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ನನಗೆ ಭಾವ! “ಭಾವನವರೇ, ಮೂಗು ಸುರೀತಾ ಇದೆ, ಒರೆಸಿಕೊಳ್ಳಿ” ಅಂತ ನಾನು ತಮಾಷೆ ಮಾಡುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ನಿಜ ಹೇಳಲಾ? ನನಗೆ ಹೊಟ್ಟೆ ಉರಿಯುತ್ತಿತ್ತು. ರಾತ್ರಿ ಅವಳು ಅತ್ತೆಯ ಮಗ್ಗುಲಲ್ಲೇ ಮಲಗುತ್ತಿದ್ದಳು. ಬಿದ್ದು ಮಂಡಿ ತರಚಿಕೊಂಡರೆ ನನ್ನನ್ನು ದಾಟಿಕೊಂಡು ಓಡಿಹೋಗಿ “ಅಮ್ಮಾ” ಅಂತ ಅವಳ ಮಡಿಲಿಗೆ ಬೀಳುತ್ತಿದ್ದಳು. ಕೇಳುವ ಹಾಗಿಲ್ಲ, ಪದ್ಧತಿಯೇ ಹಾಗೆ. ಅವಳು ಏನು ಬೇಕು ಅಂದರೂ ಇಲ್ಲ ಅನ್ನುವ ಹಾಗೂ ಇರಲಿಲ್ಲ. ಕೇಳುತ್ತಿರುವುದು ಆಂಟೋನ್ ತಾನೇ.

ಗಿದಿಯೋನನ ವಿಷಯಕ್ಕೆ ಬರುತ್ತೇನೆ. ಮೌನಿ ಮನುಷ್ಯ, ಆದರೆ ಕೈಯಲ್ಲಿ ಏನಾದರೂ ಕೆಲಸ ಇದ್ದಾಗ ಶಿಳ್ಳೆ ಹಾಕುತ್ತಿದ್ದ. ಸಮುದ್ರ ತಂದು ಹಾಕಿದ ಮರದ ತುಂಡುಗಳನ್ನು ಹೊಂದಿಸಿ ತನ್ನ ಕಯಾಕಿನ ಹಂದರ ತಾನೇ ಕಟ್ಟಿದ. ತನ್ನ ಸೊಂಟದ ಅಳತೆ, ತನ್ನ ತೊಡೆಯ ಅಳತೆ. ಇನ್ನೊಬ್ಬ ಅದರಲ್ಲಿ ಕೂತರೆ ಸಿಕ್ಕಿಹಾಕಿಕೊಳ್ಳಬೇಕು. ಅದಕ್ಕೆ ಸೀಲ್ ತೊಗಲು ಹೊಲಿದು ಬಿಗಿದವಳು ನಾನು. ನನ್ನ ಹೊಲಿಗೆಯಲ್ಲಿ ಒಂದು ಹನಿ ನೀರು ಒಳಗೆ ಬಂತು ಅಂತ ಯಾರಾದರೂ ಹೇಳಲಿ ನೋಡೋಣ. ಮಗು ಹುಟ್ಟಿ ಕೆಲವು ವರ್ಷದ ಮೇಲೆ, ಗಾಳಿಯಿಲ್ಲದ ಒಂದು ದಿನ, ಅವನನ್ನೂ ಅದು ಹಿಡಿಯಿತು. ಜೊತೆಯಲ್ಲಿ ಇನ್ನೊಬ್ಬ ಇದ್ದದ್ದರಿಂದ ಬದುಕಿದ. ಮನೆಗೆ ಬಂದು ಬೂಟು ಬಿಚ್ಚಲು ಹೋದ, ಬೆರಳು ಮಡಚಲು ಬರಲಿಲ್ಲ. ನಾನು ಬಿಚ್ಚಿದೆ. ಏನಾಯಿತು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಂದಿನಿಂದ ಶುರುವಾಯಿತು ಈ ಗಾಳಿ ಕಾಯುವುದು. ಅಲೆ ಎದ್ದು ಬೇರೆಯವರೆಲ್ಲ ಕಯಾಕ್ ದಡಕ್ಕೆ ಎಳೆದು ಹಾಕಿದ ದಿನ ಇವನು ಹೊರಡುತ್ತಿದ್ದ. ಆಳೆತ್ತರದ ನೀರಿನ ಮಧ್ಯೆ ನಗುನಗುತ್ತ ಹೋಗುತ್ತಿದ್ದ. ಆಗ ಅವನಷ್ಟು ಧೈರ್ಯದವನು ಇನ್ನೊಬ್ಬನಿರಲಿಲ್ಲ. ಸಮುದ್ರ ನಿಂತ ದಿನ ಮಾತ್ರ ಈಟಿ ಮೊಂಡಾಗಿದೆ, ಹಗ್ಗ ಸವೆದಿದೆ ಅಂತ ಏನಾದರೊಂದು ಹಿಡಿದುಕೊಂಡು ಬಾಗಿಲಲ್ಲೇ ಕೂರುತ್ತಿದ್ದ. ನಮ್ಮ ನೆರೆಮನೆಯ ಮುದುಕ ಎಸಾಯಾಸ್, ಮಂಡಿನೋವಿನಿಂದ ಕಯಾಕ್ ಬಿಟ್ಟವನು, ನಾಲಗೆ ಮಾತ್ರ ಬಿಟ್ಟಿರಲಿಲ್ಲ. “ಏನೋ ಗಿದಿಯೋನ್, ಈ ಹಗ್ಗ ಮೊನ್ನೆಯಿಂದ ಸವೀತಾನೇ ಇದೆಯಲ್ಲೋ?” ಅನ್ನುತ್ತಿದ್ದ. ನಾನು ಒಳಗಿಂದ, “ಅಜ್ಜಾ, ನಿನ್ನ ನಾಲಿಗೆ ಸವೆಯೋದು ಯಾವಾಗ?” ಅಂದರೆ ಸುಮ್ಮನಾಗುತ್ತಿದ್ದ.

ನಾನು ಹೇಳಹೊರಟ ಆ ದಿನ ಬೇಸಿಗೆ ಮುಗಿಯುತ್ತ ಬಂದಿತ್ತು. ಬೆಳಗ್ಗೆ ಬಾಗಿಲು ತೆಗೆದೆ. ಸಮುದ್ರ ಇರಲೇ ಇಲ್ಲ. ನಮ್ಮ ಕಲ್ಲುದಡ ಇತ್ತು, ಅದರಾಚೆ ಬರೀ ಬಿಳಿ. ನೀರಲ್ಲಿ ತೇಲುವ ಎದುರಿನ ಹಿಮಗುಡ್ಡಗಳು ಯಾವುದರ ಮೇಲೂ ನಿಂತಿರದೆ ಸುಮ್ಮನೆ ನಡುವೆ ತೂಗುತ್ತಿದ್ದವು. ಹಕ್ಕಿ ಕೂಗಲಿಲ್ಲ, ನಾಯಿಯೂ ಬೊಗಳಲಿಲ್ಲ. ಬೇಟೆಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ ಅಂತ ಊರಿನ ಗಂಡಸರೆಲ್ಲ ನಸುಕಿನಲ್ಲೇ ಹೊರಗಿನ ಬಂಡೆಗಳ ಕಡೆ ಹೋಗಿಯಾಗಿತ್ತು. ಊರಲ್ಲಿ ಉಳಿದವರು ಹೆಂಗಸರು, ಮಕ್ಕಳು, ಎಸಾಯಾಸ್, ಮತ್ತೆ ನನ್ನ ಗಂಡ.

ನಾವು ಒಣಮೀನು ತಿನ್ನುತ್ತ, ಕಾಫಿ ಕುಡಿಯುತ್ತ ಕೂತಿದ್ದೆವು. ಮಗು ಆಗತಾನೇ ಎದ್ದು ಬಂದು, ಕಣ್ಣು ಉಜ್ಜಿಕೊಳ್ಳುತ್ತ, ಗಿದಿಯೋನನ ಎದುರು ನಿಂತಳು.

“ತಮ್ಮಾ, ನಾನು ಹಿಂದಿನ ಕೊಲ್ಲೀಲಿ ಕೂತಿದೀನಿ. ತುಂಬ ಚಳಿ. ಬಂದು ಕರ್ಕೊಂಡು ಹೋಗು” ಅಂದಳು.

ಆ ಕೊಲ್ಲಿಯ ಹೆಸರನ್ನು ನಾವು ಅವಳ ಮುಂದೆ ಆಡಿದವರಲ್ಲ. ಊರ ಹೆಂಗಸರಲ್ಲಿ ಯಾವಳೋ ಆಡಿರಬೇಕು, ಅದು ಇವಳ ಕಿವಿಗೆ ಬಿದ್ದು ಕನಸಾಗಿರಬೇಕು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಆಗಲೂ ಅದನ್ನೇ ಹೇಳಿದೆ. “ಮಗು ಕನಸು ಕಂಡಿದೆ ಅತ್ತೆ. ಬಾಮ್ಮಾ, ಮೀನು ತಿನ್ನು ಬಾ.”

ಅತ್ತೆ ನನ್ನ ಕಡೆ ನೋಡಲೂ ಇಲ್ಲ. “ಕೇಳಿಸ್ತೇನೋ?” ಅಂತ ಗಿದಿಯೋನನನ್ನು ಕೇಳಿದಳು.

“ಕೇಳಿಸ್ತು” ಅಂದು ಅವನು ಲೋಟ ಕೆಳಗಿಟ್ಟು ಎದ್ದ. ತೊಗಲಂಗಿ ತೊಟ್ಟುಕೊಳ್ಳಲು ಶುರುಮಾಡಿದ.

ನಾನು ಬಾಗಿಲಿಗೆ ಅಡ್ಡ ನಿಂತೆ. “ತಲೆ ನೆಟ್ಟಗಿದೆಯಾ ನಿಂಗೆ? ಹೊರಗೆ ನೋಡು ಒಂದ್ಸಲ. ಇವತ್ತು ನಿನ್ನ ಜೊತೆಗೆ ಬರೋಕೆ ಒಂದು ಕಯಾಕೂ ಇಲ್ಲ ಊರಲ್ಲಿ. ನಾಳೆ ಹೋಗು, ಗಂಡಸರು ಬರಲಿ. ಅಷ್ಟು ಅವಸರ ಇದ್ದರೆ ಗುಡ್ಡ ಹತ್ತಿ ನಡ್ಕೊಂಡು ಹೋಗಿ ನೋಡ್ಕೊಂಡು ಬಾ.”

“ಅಣ್ಣ ನೀರಲ್ಲಿ ಕೂತಿದಾನೆ. ನಡ್ಕೊಂಡು ಹೋಗಿ ದಡದಲ್ಲಿ ನಿಂತು ಏನ್ ಮಾಡ್ಲಿ?” ಅಂದ. ಆಮೇಲೆ ಮೆಲ್ಲಗೆ, ನನಗೊಬ್ಬಳಿಗೇ ಕೇಳುವ ಹಾಗೆ, “ಕರ್ಕೊಂಡು ಬಂದ್ರೆ ಅದು ನನ್ನ ಬಿಟ್ಟುಹೋಗುತ್ತೇನೋ ಕಣೆ. ನಂಗೂ ಸಾಕಾಗಿದೆ” ಅಂದ. ಅವನ ಮುಖದಲ್ಲಿ ಆಸೆಯಿತ್ತು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ನಾನು ಅತ್ತೆ ಕಡೆ ತಿರುಗಿದೆ. “ನೀವಾದರೂ ಬೇಡ ಅನ್ನಿ ಅತ್ತೆ! ಇರೋದು ಒಬ್ಬ ಮಗ.”

“ಇಬ್ಬರು” ಅಂದಳು ಅತ್ತೆ. “ಒಬ್ಬ ಮಗ ಇನ್ನೊಬ್ಬ ಮಗನ್ನ ಸಾಯಿಸ್ತಾನೇನೆ?”

ಅವನು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ದಡಕ್ಕೆ ಹೋದ. ಕಯಾಕ್ ನೀರಿಗೆ ಇಳಿಸಿ, ಒಳಗೆ ಸೇರಿ, ತೊಗಲಂಗಿಯ ಅಂಚನ್ನು ಕಯಾಕಿನ ಬಾಯಿಗೆ ಬಿಗಿದುಕೊಂಡ. “ಬರ್ತೀನಿ ಅಣ್ಣಾ” ಅಂತ ಮಗುವಿಗೆ ಕೈ ಎತ್ತಿದ. ನನಗೆ ಎತ್ತಲಿಲ್ಲ.

ಅವನು ಹೋದ ದಾರಿಯನ್ನು ಆಮೇಲೆ ಅವನೇ ಹೇಳಿದ್ದಾನೆ. ಮೊದಲೆಲ್ಲ ಚೆನ್ನಾಗಿಯೇ ಇತ್ತಂತೆ. ದಡಕ್ಕೆ ಎಷ್ಟು ಒತ್ತಿಕೊಂಡು ಹೋದ ಅಂದರೆ, ಹುಟ್ಟಿನ ತುದಿ ಪಾಚಿಗೆ ತಾಗುತ್ತಿತ್ತು. ಸಮುದ್ರದ ಕಡೆ ನೋಡದೆ ಕಲ್ಲುಗಳನ್ನೇ ನೋಡುತ್ತ ಹೋದ. ಇದು ಮೀನು ಒಣಗಿಸುವ ಬಂಡೆ, ಇದು ಬಿರುಕು ಬಿಟ್ಟ ಬಂಡೆ ಅಂತ ಒಂದೊಂದರ ಹೆಸರನ್ನೂ ಬಾಯಿಬಿಟ್ಟು ಹೇಳಿಕೊಂಡ. ಕಲ್ಲು ಕಣ್ಣಿಗೆ ಬೀಳುತ್ತಿರುವವರೆಗೆ ಕಯಾಕ್ ನೆಟ್ಟಗೇ ಇತ್ತು. ಶಿಳ್ಳೆಯನ್ನೂ ಹಾಕಿದನಂತೆ, ಆದರೆ ಆ ನಿಶ್ಶಬ್ದದಲ್ಲಿ ಅದು ಪಕ್ಕದಲ್ಲಿ ಬೇರೆ ಯಾರೋ ಹಾಕಿದ ಹಾಗೆ ಕೇಳಿಸಿ ನಿಲ್ಲಿಸಿಬಿಟ್ಟ. ಹಕ್ಕಿಗಳ ಬಂಡೆಯ ಕೆಳಗೆ ಹಾಯ್ದಾಗ ಮೇಲೆ ಒಂದೇ ಒಂದು ಹಕ್ಕಿ ಇರಲಿಲ್ಲ, ಗೂಡುಗಳ ವಾಸನೆ ಮಾತ್ರ ಇತ್ತು. ದ್ವೀಪದ ಮೂಲೆ ತಿರುಗಿದ. ಅಲ್ಲಿ ಒಂದು ದೊಡ್ಡ ಹಿಮಗುಡ್ಡ ಸಮುದ್ರದ ತಳ ಕಚ್ಚಿ ದಡಕ್ಕೇ ಒರಗಿಕೊಂಡು ನಿಂತಿತ್ತು. ಒಳಗೊಳಗೇ ಲಟಲಟ ಅನ್ನುತ್ತಿತ್ತು. ಅದರ ಬುಡದಲ್ಲಿ ಹೋಗುವುದು ಸಾವನ್ನು ಕರೆದ ಹಾಗೆ. ಯಾವ ಗಳಿಗೆಯಲ್ಲಿ ಒಡೆದು ಮೈಮೇಲೆ ಬೀಳುತ್ತದೋ ಹೇಳಲು ಬರುವುದಿಲ್ಲ. ಅದನ್ನು ಬಳಸಿಕೊಂಡು ಕೊಲ್ಲಿಗೆ ಹೋಗಬೇಕೆಂದರೆ ದಡ ಬಿಡಬೇಕು. ಗಿದಿಯೋನ್ ದಡ ಬಿಟ್ಟ.

ಇತ್ತ ನಾನು ಸುಮ್ಮನೆ ಕೂರುವವಳಲ್ಲ. ಮನೆಮನೆಗೆ ಓಡಿ ಹೆಂಗಸರನ್ನು ಎಬ್ಬಿಸಿದೆ. ತೊಗಲಿನ ದೊಡ್ಡ ದೋಣಿ, ನಾವು ಹೆಂಗಸರು ಹುಟ್ಟು ಹಾಕುವ ದೋಣಿ, ಕಂಬಗಳ ಮೇಲೆ ಮಗುಚಿಟ್ಟಿತ್ತು. ಹೊತ್ತು ನೀರಿಗೆ ತಂದೆವು. ಚುಕ್ಕಾಣಿಗೆ ಒಬ್ಬ ಬೇಕಿತ್ತು.

“ನನ್ನ ಮಂಡಿ...” ಅಂತ ಎಸಾಯಾಸ್ ಶುರುಮಾಡಿದ.

“ಮಂಡೀಲಿ ಚುಕ್ಕಾಣಿ ಹಿಡೀತೀಯಾ ನೀನು? ಹತ್ತು!” ಅಂದೆ.

ಹತ್ತಿದ. ಒಂದು ತಮಾಷೆಯೂ ಇಲ್ಲದೆ ಹತ್ತಿದ. ಅತ್ತೆ ಮಗುವಿನ ಕೈ ಹಿಡಿದುಕೊಂಡು ಬಂದು, “ನಾವೂ ಬರ್ತೀವಿ” ಅಂದಳು. ಬೇಡ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಇಬ್ಬರೂ ಕೂತಾಗಿತ್ತು. ಜಗಳಕ್ಕೆ ಹೊತ್ತಿರಲಿಲ್ಲ.

ಹುಟ್ಟು ಹಾಕಿದೆವು. ಯಾವಾಗಲೂ ಆ ದೋಣಿಯಲ್ಲಿ ಹಾಡು, ಹರಟೆ, ಯಾರ ಗಂಡ ಗೊರಕೆ ಹೊಡೆಯುತ್ತಾನೆ ಅನ್ನುವ ಮಾತು. ಅವತ್ತು ಹುಟ್ಟಿನಿಂದ ನೀರು ತೊಟ್ಟಿಕ್ಕುವುದು ಬಿಟ್ಟು ಬೇರೆ ಸದ್ದಿಲ್ಲ. ನನ್ನ ಅಂಗೈ ಬೊಬ್ಬೆ ಬಂದು ಒಡೆಯಿತು, ಅದೂ ಆಮೇಲೆ ಗೊತ್ತಾಯಿತು. ಅವನು ಹೋದ ಗೆರೆ ನೀರಿನ ಮೇಲೆ ಇನ್ನೂ ಅಳಿಸಿರಲಿಲ್ಲ. ದಡದುದ್ದಕ್ಕೂ ಸಣ್ಣಗೆ ಎಣ್ಣೆ ಹಚ್ಚಿದ ಹಾಗೆ ಕಾಣುತ್ತಿತ್ತು. ಎಸಾಯಾಸ್ ಅದನ್ನೇ ನೋಡುತ್ತ ದೋಣಿ ನಡೆಸಿದ. ಹಿಮಗುಡ್ಡದ ಹತ್ತಿರ ಆ ಗೆರೆ ದಡ ಬಿಟ್ಟು ಬಿಳಿಯೊಳಕ್ಕೆ ಹೋಗಿತ್ತು. ದೇವರೇ ಅಂದುಕೊಂಡೆ. ನಾವೂ ದೂರದಿಂದ ಬಳಸಿಕೊಂಡು ಹೋದೆವು.

ಕೊಲ್ಲಿಯ ಬಾಯಲ್ಲಿ ಅವನು ಕಂಡ.

ಕಯಾಕ್ ನಿಂತಿತ್ತು. ಅವನು ಬೆನ್ನು ಸೆಟೆದು ಕೂತಿದ್ದ, ಹುಟ್ಟನ್ನು ಎರಡೂ ಕೈಯಲ್ಲಿ ಮಡಿಲ ಹತ್ತಿರ ಹಿಡಿದಿದ್ದ, ಮುಖ ಕಯಾಕಿನ ಮೂತಿಯ ಕಡೆಗಿತ್ತು. ಕೆಳಗೆ ನೀರಲ್ಲಿ ಇನ್ನೊಂದು ಕಯಾಕ್, ಇನ್ನೊಬ್ಬ ಗಿದಿಯೋನ್ ತಲೆಕೆಳಗಾಗಿ. ಎರಡೂ ಒಂದಕ್ಕೊಂದು ಅಂಟಿಕೊಂಡಿದ್ದವು, ಯಾವುದು ಮೇಲಿನದು ಅನ್ನುವುದೂ ಮರೆಯುವಂತಿತ್ತು. ನಾನು ಜೋರಾಗಿ ಹುಟ್ಟು ಎಳೆಯಲು ಹೋದೆ. ಎಸಾಯಾಸ್ ಹಲ್ಲು ಕಚ್ಚಿ, “ನಿಲ್ಸು! ಈ ದೊಡ್ಡ ದೋಣಿಯ ಅಲೆ ಅಡ್ಡಡ್ಡಕ್ಕೆ ಹೊಡೆದ್ರೆ ಮಗುಚಿಕೊಳ್ತಾನೆ. ಅಲೆ ಬಂತು ಅಂತಲೂ ಅವನಿಗೆ ಗೊತ್ತಾಗೋದಿಲ್ಲ, ಸೊಂಟ ಕೂಡ ಆಡಿಸೋದಿಲ್ಲ” ಅಂದ. ಎಲ್ಲರೂ ಹುಟ್ಟು ಎತ್ತಿದೆವು. ದೋಣಿ ತಾನಾಗಿ ಜಾರುತ್ತ ಹೋಗಿ ನಿಂತಿತು. ಕೂಗಿದರೆ ಕೇಳುವಷ್ಟು ದೂರ, ಮುಟ್ಟಲು ಆಗದಷ್ಟು ದೂರ.

“ಗಿದಿಯೋನ್” ಅಂದೆ. ಅವನು ಕದಲಲಿಲ್ಲ. ಇನ್ನೊಂದು ಸಲ ಕರೆದೆ. ಬೈದೆ. ಬೇಡಿಕೊಂಡೆ. ಎಸಾಯಾಸ್ ಗಂಟಲು ಸರಿಮಾಡಿಕೊಂಡು, “ಲೋ, ಹಗ್ಗ ಸವೀತಾ ಇದೆ ಕಣೋ, ಮನೆಗೆ ನಡಿ” ಅಂದ. ಗಿದಿಯೋನನ ಕಿವಿಗೆ ಏನೂ ಬೀಳಲಿಲ್ಲ.

ಆಗ ಅತ್ತೆ ಎದ್ದು, ಮಗುವನ್ನು ದೋಣಿಯ ಮುಂಭಾಗಕ್ಕೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. “ನಮ್ಮ ಮಾತು ಅವನು ಕೇಳಲ್ಲ. ಅಣ್ಣ ಕರೀಲಿ. ಕರಿಯೋ ಕಂದಾ, ‘ತಮ್ಮಾ, ಬಾ’ ಅಂತ ಕರಿ.”

ಎಲ್ಲರಿಗೂ ಅದೇ ಸರಿ ಅನ್ನಿಸಿತು. ನನಗೂ ಅನ್ನಿಸಿತು. ಅಣ್ಣನ ಮಾತಿಗೆ ತಾನೇ ಅವನು ಬಂದದ್ದು, ಅಣ್ಣನ ಮಾತಿಗೇ ಎದ್ದಾನು. ನಮ್ಮವರಲ್ಲದೆ ಇನ್ಯಾರಾದರೂ ಆಗಿದ್ದರೆ ಹೀಗೆ ಯೋಚನೆ ಮಾಡುತ್ತಿರಲಿಲ್ಲವೇನೋ.

ಮಗು ತೆಳ್ಳನೆಯ ದನಿಯಲ್ಲಿ, “ತಮ್ಮಾ, ಬಾ” ಅಂದಳು.

ಅವನ ತಲೆ ಆಡಿತು. ಅಬ್ಬಾ, ಕೇಳಿಸಿತು ಅಂದುಕೊಂಡೆ. ಆದರೆ ತಲೆ ನಮ್ಮ ಕಡೆ ತಿರುಗಲಿಲ್ಲ. ಕೆಳಗೆ ಬಗ್ಗಿತು. ನೀರಿನ ಕಡೆ. ಯಾರೋ ಕೆಳಗಿಂದ ಮಾತಾಡಿಸಿದ ಹಾಗೆ, ಸರಿಯಾಗಿ ಕೇಳಿಸಿಕೊಳ್ಳಲು ಬಗ್ಗಿದ ಹಾಗೆ. ಕಯಾಕ್ ಒಂದು ಮಗ್ಗುಲಿಗೆ ವಾಲಿತು.

ಆಮೇಲೆ ಅವನು ಹೇಳಿದ: ಹಿಂದೊಮ್ಮೆ ಅದು ಹಿಡಿದಾಗಲೂ, ಅವತ್ತೂ, ಕಯಾಕಿನ ತಳದಿಂದ ಒಂದು ದನಿ ‘ತಮ್ಮಾ, ಬಾ’ ಅನ್ನುತ್ತಿತ್ತಂತೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಅವತ್ತು ಅದೇ ಮಾತು ಹೊರಗಿಂದಲೂ ಕೇಳಿಸಿತು. ಇನ್ನು ತಡೆಯುವುದು ಯಾಕೆ ಅನ್ನಿಸಿತಂತೆ.

“ಇನ್ನೊಂದ್ಸಲ ಕರಿ” ಅಂದಳು ಅತ್ತೆ. ಅವಳ ಕಣ್ಣು ಅಷ್ಟು ಸೂಕ್ಷ್ಮವಾಗಿರಲಿಲ್ಲ, ವಾಲಿದ್ದು ಅವಳಿಗೆ ಕಂಡಿರಲಾರದು. “ಬೇಡ!” ಅಂತ ನಾನು ಕಿರುಚಿದೆ. ಕಯಾಕಿನ ಅಂಚು ನೀರು ಮುಟ್ಟಿತು. ಅವನ ಮುಖ ನೀರಿನಲ್ಲಿದ್ದ ಮುಖಕ್ಕೆ ಇಷ್ಟು ಹತ್ತಿರ ಬಂದಿತ್ತು.

ಮಗು ಅದನ್ನು ನೋಡಿದಳು. ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡು, ಹೊಟ್ಟೆಯಿಂದ ಕಿರುಚಿದಳು.

“ಅಪ್ಪಾ! ಅಪ್ಪಾ! ಬೀಳ್ತೀಯಾ!”

ಆ ಮಾತನ್ನು ಅವಳು ಅಲ್ಲಿಯವರೆಗೆ ಯಾರಿಗೂ ಅಂದವಳಲ್ಲ. ನಾವು ಕಲಿಸಿದವರಲ್ಲ. ದಡದಲ್ಲಿ ಆಡುವ ಬೇರೆ ಮಕ್ಕಳ ಬಾಯಲ್ಲಿ ಕೇಳಿ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ.

ಗಿದಿಯೋನ್ ಬೆಚ್ಚಿಬಿದ್ದ. ಸೊಂಟ ಹೊರಳಿತು, ಹುಟ್ಟು ಫಳಾರ್ ಅಂತ ನೀರಿಗೆ ಬಡಿಯಿತು, ಕಯಾಕ್ ನೆಟ್ಟಗಾಯಿತು. ನೀರು ಒಡೆದು ಉಂಗುರ ಉಂಗುರವಾಗಿ ನಮ್ಮ ದೋಣಿಯವರೆಗೂ ಬಂತು. ಅವನು ಕತ್ತೆತ್ತಿ ನಮ್ಮ ಕಡೆ ನೋಡಿ, ಯಾರು ಕರೆದದ್ದು ಅಂತ ಹುಡುಕಿದ. ಮಗು ಇನ್ನೂ ಕಿರುಚುತ್ತಲೇ ಇದ್ದಳು. ಅವಳನ್ನೇ ನೋಡುತ್ತ, ಕಣ್ಣು ಬೇರೆ ಕಡೆ ಹೊರಳಿಸದೆ, ಒಂದೊಂದೇ ಹುಟ್ಟು ಹಾಕಿಕೊಂಡು ಬಂದ. ದೋಣಿಯ ಅಂಚು ಸಿಕ್ಕಿದ ಕೂಡಲೇ ಅವನ ಕೈ ಅದನ್ನು ಎಷ್ಟು ಬಿಗಿಯಾಗಿ ಹಿಡಿಯಿತು ಅಂದರೆ, ಬೆರಳು ಬಿಡಿಸಲು ಇಬ್ಬರು ಹೆಂಗಸರು ಬೇಕಾಯಿತು. ಎಳೆದು ಒಳಗೆ ಹಾಕಿಕೊಂಡೆವು. ವಾಂತಿ ಮಾಡಿಕೊಂಡ. ನಾನು ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಬಾಯಿಗೆ ಬಂದ ಹಾಗೆ ಬೈಯುತ್ತ ಅತ್ತುಬಿಟ್ಟೆ. ಹೆಂಗಸರೆಲ್ಲ ಅತ್ತರು, ನಕ್ಕರು. ಎಸಾಯಾಸ್ ಮೂಗು ಸೀಟಿ, “ಹೋಗೋವಾಗ ಒಬ್ಬನೇ ಹೋಗಿ, ಬರೋವಾಗ ಊರನ್ನೇ ಹೊರಡಿಸ್ತೀಯಲ್ಲೋ” ಅಂದ.

ಅತ್ತೆ ಸಾಲೋಮಿನೆ ಮಾತ್ರ ಮುಂಭಾಗದಲ್ಲೇ ಕೂತಿದ್ದಳು. ಕೊಲ್ಲಿಯ ಒಳಗೆ ನೋಡುತ್ತಿದ್ದಳು. ಮಗು ಅವಳ ತೋಳು ಜಗ್ಗಿದಾಗ ಯಾವುದೋ ಪರಿಚಯವಿಲ್ಲದ ಮಗುವನ್ನು ನೋಡುವ ಹಾಗೆ ನೋಡಿ ಮತ್ತೆ ಅತ್ತ ತಿರುಗಿದಳು. ದೋಣಿ ಹೊರಳಿಸಿಕೊಂಡು ಮನೆಗೆ ಬರುವವರೆಗೂ ಅವಳು ಹಿಂದಕ್ಕೇ ತಿರುಗಿಕೊಂಡಿದ್ದಳು.

ಗಿದಿಯೋನ್ ಮತ್ತೆ ಕಯಾಕ್ ಹತ್ತಲಿಲ್ಲ, ಗಾಳಿಯಿದ್ದರೂ ಇಲ್ಲದಿದ್ದರೂ. ಹಂದರ ಕಳಚಿ ಆ ಮರದಲ್ಲಿ ಮೀನು ಒಣಹಾಕುವ ಅಟ್ಟಣೆ ಮಾಡಿದ. ಹೆಂಗಸರ ದೋಣಿಯಲ್ಲಿ ನಮ್ಮ ಮಧ್ಯೆ ಕೂತು ಹುಟ್ಟು ಹಾಕಿದ. ಗಂಡಸೊಬ್ಬ ಹಾಗೆ ಕೂರುವುದೆಂದರೆ ಏನು ಅಂತ ನಮ್ಮೂರಲ್ಲಿ ಹುಟ್ಟಿದವರಿಗೇ ಗೊತ್ತು. ಆಮೇಲೆ ಮರದ ದೋಣಿಗಳು ಬಂದವು, ಎಲ್ಲರೂ ಗಾಳ ಹಾಕಿ ಮೀನು ಹಿಡಿಯಲು ಶುರುಮಾಡಿದರು, ಇವನೂ ಹಿಡಿದ. ತಲೆ ನೆರೆತು, ಹಲ್ಲು ಬಿದ್ದು, ಹಾಸಿಗೆಯಲ್ಲಿ ಸತ್ತ. ಅವನ ಮನೆತನದ ಗಂಡಸರಲ್ಲಿ ಹಾಗೆ ಸತ್ತವನು ಅವನೊಬ್ಬನೇ.

ಆದರೆ ಆ ದಿನದ ಸಂಜೆಯ ಮಾತೊಂದು ಉಳಿದಿದೆ. ಗಂಡಸರು ಸೀಲ್ ತಂದಿದ್ದರು, ಮನೆಗೊಂದು ಪಾಲು ಮಾಂಸ ಬಂದಿತ್ತು. ಗಿದಿಯೋನ್ ಚರ್ಮ ಹೊದ್ದುಕೊಂಡು ಮೂಲೆಯಲ್ಲಿ ಮಲಗಿದ್ದ. ಮಗು ದಿನಾ ಸಂಜೆ ಮಾಡುವ ಹಾಗೆ ಬಾಚಣಿಗೆ ತೆಗೆದುಕೊಂಡು ಹೋಗಿ ಅತ್ತೆಯ ಮುಂದೆ ಬೆನ್ನು ಹಾಕಿ ಕೂತಳು. “ಅಮ್ಮಾ, ಜಡೆ” ಅಂದಳು.

ಅತ್ತೆ ಬಾಚಣಿಗೆ ತೆಗೆದುಕೊಂಡಳು. ತುಂಬ ಹೊತ್ತು ಬಾಚಿದಳು. ಹೆಣೆಯಲಿಲ್ಲ. ಆಮೇಲೆ ಮಗುವಿನ ಭುಜ ಹಿಡಿದು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡಳು.

“ಅವನನ್ನ ಅಪ್ಪಾ ಅಂದೆಯಲ್ಲ, ನಾನು ನಿನ್ನ ಅಜ್ಜಿ ಕಣೆ ಪುಟ್ಟೀ” ಅಂದಳು. ಕೋಪವಿಲ್ಲ, ಏನಿಲ್ಲ. “ನಿನ್ನ ಅಮ್ಮ ಅಲ್ಲಿದಾಳೆ ನೋಡು. ಹೋಗು.”

ಮಗು ನನ್ನನ್ನು ನೋಡಿದಳು, ಅವಳನ್ನು ನೋಡಿದಳು. ತಾನೇನು ತಪ್ಪು ಮಾಡಿದೆ ಅಂತ ಅವಳಿಗೆ ತಿಳಿಯಲಿಲ್ಲ. ಎದ್ದು ನನ್ನ ಹತ್ತಿರ ಬಂದು, ಬಾಯಿ ಸುಡುವುದನ್ನು ರುಚಿ ನೋಡುವ ಹಾಗೆ, “ಅಮ್ಮಾ?” ಅಂದಳು. ಎಷ್ಟು ವರ್ಷ ಅದಕ್ಕಾಗಿ ಒಳಗೊಳಗೇ ಬೆಂದಿದ್ದೆ ನಾನು! ಬಂತು. ಅವಳನ್ನು ತಬ್ಬಿಕೊಂಡೆ. ಅವಳ ತಲೆಯ ಮೇಲಿಂದ ನೋಡಿದರೆ, ಅತ್ತೆ ಬೂಟು ಹಾಕಿಕೊಳ್ಳುತ್ತಿದ್ದಳು. ನನಗೆ ಖುಷಿಪಡಲು ಆಗಲಿಲ್ಲ.

ಅತ್ತೆ ದಡಕ್ಕೆ ಹೋಗಿ ನಿಂತಳು. ಗಿದಿಯೋನ್ ಚರ್ಮ ಸರಿಸಿ ಎದ್ದು, ಗೋಡೆ ಹಿಡಿದುಕೊಂಡು, ಅವಳ ಹಿಂದೆ ಹೋದ. ಬಾಗಿಲು ತೆರೆದೇ ಇತ್ತು, ಮಾತು ಕೇಳಿಸುತ್ತಿತ್ತು.

“ಒಳಗೆ ಬಾಮ್ಮಾ, ಚಳಿ” ಅಂದ. “ನಾನಿದೀನಲ್ಲ. ಬಂದೆನಲ್ಲ.”

“ನೀನು ಬಂದೆ ಕಣೋ” ಅಂದಳು ಅವಳು. ಅವನ ತೋಳು ಸವರಿದಳು. “ಅವನನ್ನ ಅಲ್ಲೇ ಬಿಟ್ಟು ಬಂದೆ.”

ಇಬ್ಬರೂ ಅಲ್ಲೇ ನಿಂತಿದ್ದರು. ನಾನು ಬಾಚಣಿಗೆ ಎತ್ತಿಕೊಂಡು ಮಗಳ ಜಡೆ ಹೆಣೆದು ಮುಗಿಸಿದೆ.